ಹಲಗೆಯ ಗರಗಸವೂ ಘಾನಾ ದೇಶದ ಕಟ್ಟಳೆಯೂ

ದೊಡ್ಡ ದಿಮ್ಮಿಯನ್ನು ಹಲಗೆಗಳಾಗಿ ಸೀಳುವ ಕೆಲಸವು ಬಹುಕಾಲ ಇಬ್ಬರು ಆಳುಗಳ ತೋಳ್ಬಲವನ್ನೇ ನಂಬಿಕೊಂಡಿದ್ದಿತು. ಒಬ್ಬನು ದಿಮ್ಮಿಯ ಮೇಲೆ ನಿಂತು, ಮತ್ತೊಬ್ಬನು ಕೆಳಗಿನ ಗುಣಿಯಲ್ಲಿಳಿದು, ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು; ಕಣ್ಣಿಗೆ ಉದುರುವ ಹೊಟ್ಟು ಕೆಳಗಿನವನ ಪಾಲು. ಹಬೆಯ ಗರಗಸದ ಕಾರಖಾನೆಗಳು ತಲೆಯೆತ್ತಿದ ಮೇಲೆ ಮರವೇ ಅವುಗಳ ಬಾಗಿಲಿಗೆ ಹೋಗಬೇಕಾಯಿತು. ಸರಕಾರಗಳಿಗೆ ಇದು ಅನುಕೂಲವೇ ಆಯಿತು. ದಾರಿಯಲ್ಲಿ ದಿಮ್ಮಿಗಳನ್ನೆಣಿಸಿ ಸುಂಕ ಪಡೆಯುವುದು ಸುಲಭವಷ್ಟೆ.

ಸರಪಣಿ ಗರಗಸವು ಈ ಏರ್ಪಾಡನ್ನು ಕೆಡಿಸಿತು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತನು 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸವನ್ನು ಹೊರತಂದನು. 46 ಕಿಲೋಗ್ರಾಂ ತೂಕದ ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. 1950ರಲ್ಲಿ ಅವನ ಕಾರಖಾನೆಯಿಂದಲೇ ಒಬ್ಬನು ನಡೆಸಬಹುದಾದ ಗರಗಸವು ಬಂದಿತು. ಅದು ಹುಟ್ಟಿದುದು ಮರವನ್ನು ಅಡ್ಡಲಾಗಿ ಕಡಿಯುವುದಕ್ಕೆ, ಉದ್ದಕ್ಕೆ ಸೀಳುವುದಕ್ಕಲ್ಲ. ಕಡಿಯುವ ಹಲ್ಲನ್ನು 30 ಡಿಗ್ರಿಯಷ್ಟು ಓರೆಯಾಗಿ ಅರದಿಂದ ಉಜ್ಜುವರು. ಸೀಳುವ ಹಲ್ಲಿಗೆ 10 ಡಿಗ್ರಿ ಸಾಕು. ಎಷ್ಟು ಜಾಣ್ಮೆಯಿಂದ ನಡೆಸಿದರೂ ಆ ಗರಗಸದ ಸೀಳು ಸುಮಾರು 8 ಮಿಲಿಮೀಟರು ಅಗಲ. ಮೂರು ಬಾರಿ ಸೀಳುವಷ್ಟರಲ್ಲಿ ಹತ್ತಿರ ಹತ್ತಿರ ಒಂದಿಂಚಿನ ಹಲಗೆಯೇ ಹೊಟ್ಟಾಗಿ ಹೋಗುವುದು. ಆದರೂ ಬಿದ್ದ ಮರದ ಬಳಿಯಲ್ಲಿಯೇ ಹಲಗೆ ಸಿದ್ಧವಾಗುವುದರಿಂದ, ಲಾರಿಯ ದಾರಿಯಿಲ್ಲದ ಕಡೆಯಿಂದಲೂ ಅದನ್ನು ತಲೆಹೊರೆಯಾಗಿ ಸಾಗಿಸಬಹುದು.

ಪಶ್ಚಿಮ ಆಫ್ರಿಕದ ಘಾನಾದಲ್ಲಿ ಇದು ದೊಡ್ಡ ವ್ಯಾಜ್ಯಕ್ಕೆ ಎಡೆಗೊಟ್ಟಿತು. ಮರ ಹಾಳಾಗುವುದೆಂದೂ ಬೊಕ್ಕಸಕ್ಕೆ ನಷ್ಟವೆಂದೂ ಸರಕಾರವು 1998ರಲ್ಲಿ ಮಾರಾಟಕ್ಕಾಗಿ ಸರಪಣಿ ಗರಗಸದಿಂದ ಹಲಗೆ ಸೀಳುವುದನ್ನು ನಿಷೇಧಿಸಿತು. ಹೊಟ್ಟಿನ ಲೆಕ್ಕವನ್ನು ನೋಡಿದರೆ ಮೊದಲನೆಯ ಮಾತು ಸುಳ್ಳಲ್ಲ. ಆದರೆ ಆ ಕಟ್ಟಳೆಯು ರೈತನ ಕಡೆ ನೋಡಲಿಲ್ಲ. ಅವನ ಕೋಕೋ ತೋಟದಲ್ಲಿ ತಾನಾಗಿ ಬೆಳೆದ ಮರವು ಕಾನೂನಿನಂತೆ ಅವನದಲ್ಲ. 1962ರ ಶಾಸನವು ಅದನ್ನು ರಾಷ್ಟ್ರಾಧ್ಯಕ್ಷನ ವಶದಲ್ಲಿಟ್ಟಿತು. ಗುತ್ತಿಗೆದಾರನು ಅದನ್ನು ಕಡಿದು ಬೀಳಿಸಿದರೆ ರೈತನಿಗೆ ದಕ್ಕುವುದು ಬಹುಮಟ್ಟಿಗೆ ಮುರಿದ ಕೋಕೋ ಗಿಡ. ಗರಗಸದವನಾದರೋ ಕೈಯಲ್ಲಿ ಹಣವನ್ನೋ ಮನೆಗೆ ಬೇಕಾದ ನಾಲ್ಕು ಹಲಗೆಗಳನ್ನೋ ಇಡುತ್ತಾನೆ. ರೈತನು ಯಾರಿಗೆ ಸುದ್ದಿ ಕಳುಹಿಸುವನೆಂಬುದನ್ನು ವಾಚಕರು ಊಹಿಸಬಹುದು.

ದೊಡ್ಡ ಕಾರಖಾನೆಗಳ ಕಣ್ಣಾದರೋ ಪರದೇಶದ ಪೇಟೆಯ ಮೇಲೆ. ಊರಿನ ಬಡಗಿಗೂ ಮನೆ ಕಟ್ಟುವವನಿಗೂ ಅಗ್ಗದ ಹಲಗೆ ಬೇಕು. ಹೀಗಾಗಿ ನಿಷೇಧದ ಬಳಿಕವೂ ಒಳನಾಡಿನ ಪೇಟೆಗೆ ಬಹುಪಾಲು ಹಲಗೆಗಳು ಈ ಗರಗಸದಿಂದಲೇ ಬರುತ್ತಿದ್ದುವು, ಎಷ್ಟೋ ಸಲ ಇರುಳಿನ ಲಾರಿಗಳಲ್ಲಿ. 2009ರಲ್ಲಿ ಐರೋಪ್ಯ ಒಕ್ಕೂಟದೊಡನೆ ಮಾಡಿಕೊಂಡ ಮರವ್ಯಾಪಾರದ ಒಪ್ಪಂದದಲ್ಲಿ ಘಾನಾ ಈ ಒಳಪೇಟೆಯನ್ನೂ ಸೇರಿಸಿತು. ಗರಗಸದವರಿಗೆ ಸಣ್ಣ ಸಾಗುಯಂತ್ರಗಳ ಕೆಲಸವನ್ನು ಕಲಿಸಿ, ಅವರನ್ನು ಪರವಾನಗಿಯ ಒಳಕ್ಕೆ ತರುವ ಪ್ರಯತ್ನಗಳೂ ನಡೆದುವು.