ವಾಚಕ ಸೇವೆಯ ಪರಂಪರೆ

ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ಭಾನುವಾರದ ಆರಾಧನೆಯನ್ನು ವರ್ಣಿಸುತ್ತಾ, ಪ್ರೇಷಿತರ ಹಾಗೂ ಪ್ರವಾದಿಗಳ ಬರಹಗಳನ್ನು ಓದುವ ವಾಚಕನನ್ನು ಸ್ಮರಿಸಿದ್ದಾರೆ. 250ರ ಸುಮಾರಿಗೆ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನರು, ಚಿತ್ರಹಿಂಸೆಗೂ ಮಣಿಯದ ಆರೇಲಿಯಸ್ ಎಂಬ ತರುಣನನ್ನು ವಾಚಕನನ್ನಾಗಿ ನೇಮಿಸಿದರು. ಅಧಿಕಾರಿಗಳೆದುರು ಕ್ರಿಸ್ತನನ್ನು ಸಾರಿದ ಕಂಠಕ್ಕೆ ದೇವವಾಕ್ಯದ ವಾಚನವೇ ಶೋಭೆಯೆಂದು ಅವರು ಭಾವಿಸಿದರು. ಕಾಲಕ್ರಮದಲ್ಲಿ ಈ ಸೇವೆಯು ಗುರುದೀಕ್ಷೆಯ ಒಂದು ಮೆಟ್ಟಿಲಾಗಿ ಮಾತ್ರ ಉಳಿಯಿತು. ಇದರ ವಿಧಿವತ್ತಾದ ನೇಮಕವನ್ನು 1972ರಲ್ಲಿ ಜಗದ್ಗುರು ಆರನೆಯ ಪೌಲರು ಶ್ರೀಸಾಮಾನ್ಯ ಪುರುಷರಿಗೂ, 2021ರಲ್ಲಿ ಜಗದ್ಗುರು ಫ್ರಾನ್ಸಿಸರು ಸ್ತ್ರೀಯರಿಗೂ ತೆರೆದರು.

ಇಂತಹ ಪರಂಪರೆಗೆ ಸೇರಿದವರು ವಾಚನವನ್ನು ಮನೆಯಲ್ಲಿಯೇ ಗಟ್ಟಿಯಾಗಿ ಓದಿ, ಅರ್ಥವನ್ನು ಗ್ರಹಿಸಿ, ಹೆಸರುಗಳ ಉಚ್ಚಾರಣೆಯನ್ನು ತಿದ್ದಿಕೊಂಡು, ಪ್ರಾರ್ಥಿಸಿ ವಾಚನಪೀಠವನ್ನೇರುವುದು ಉಚಿತ. ಓದು ತಿಳಿಯಾಗದಿದ್ದರೆ, ಅಕ್ಷರ ಕಾಣದ ವಯೋವೃದ್ಧ ವಿಶ್ವಾಸಿಗೆ ಅಂದಿನ ದೇವವಾಕ್ಯವೇ ದೊರೆಯದು.