ಮುದ್ದೆ, ನಾಟಿಕೋಳಿ ಸಾರು ಮತ್ತು ಊಟದ ಮರ್ಯಾದೆ



ಒಂದು ಊರಿನ ಇತಿಹಾಸವನ್ನು ತಿಳಿಯಬೇಕೆಂದರೆ ನಾವು ಸಾಮಾನ್ಯವಾಗಿ ಕೋಟೆ, ದೇವಾಲಯ, ಶಾಸನಗಳ ಕಡೆಗೆ ಹೋಗುತ್ತೇವೆ. ಒಲೆಯ ಕಡೆಗೆ ಹೋಗುವವರು ಕಡಿಮೆ. ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ನೀವು ಹೋದಾಗ ಕುಂತಿಬೆಟ್ಟವನ್ನು ನೋಡಿ, ತೊಣ್ಣೂರು ಕೆರೆಯನ್ನು ನೋಡಿ. ಮಧ್ಯಾಹ್ನದ ಹೊತ್ತಿಗೆ ಒಂದು ‘ಮಿಲಿಟರಿ ಹೋಟೆಲ್’ ಫಲಕವನ್ನೂ ಹುಡುಕಿ. ಅಲ್ಲಿನ ಬಿಸಿ ಮುದ್ದೆ, ನಾಟಿಕೋಳಿ ಸಾರು, ಕೋಳಿ ಫ್ರೈಗಳಲ್ಲಿಯೂ ಓದಬೇಕಾದ ಚರಿತ್ರೆಯಿದೆ.

ಪಾಂಡವಪುರಕ್ಕೆ ದಂಡಿನ ನಂಟು ಹಳೆಯದು. ಹಿಂದೆ ಹಿರೋಡೆ ಎನಿಸಿಕೊಂಡಿದ್ದ ಈ ಊರಿನ ಬಳಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರು. ಅದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದು ಬಹುಕಾಲ ಉಳಿಯಿತು. ಆದರೆ ಮಿಲಿಟರಿ ಹೋಟೆಲಿನ ಹೆಸರನ್ನು ಈ ದಂಡಿಗೆ ಕಟ್ಟಬೇಕಾಗಿಲ್ಲ. ಮರಾಠಾ ಸೈನಿಕರ ಅಡುಗೆಯಿಂದ ಆ ಹೆಸರು ಬಂತೆಂದು ಕೆಲವರು, ಬ್ರಿಟಿಷರ ದಂಡಿನ ಸಿಪಾಯಿಗಳ ಊಟದಿಂದ ಬಂತೆಂದು ಕೆಲವರು ಹೇಳುತ್ತಾರೆ. ಬೆಂಗಳೂರಿನ ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ ಆರಂಭವಾದದ್ದು 1908ರಲ್ಲಿ. ಶಿವಾಜಿ ಮಿಲಿಟರಿ ಹೋಟೆಲ್ 1935ರಲ್ಲಿ. ನಾವು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಬರಿಯ ‘ಹೋಟೆಲ್’ ಎಂದರೆ ಇಡ್ಲಿ, ದೋಸೆ, ಕಾಫಿ ಎಂದೇ ಅರ್ಥವಾಗುತ್ತಿತ್ತು. ಮಾಂಸ ಬಡಿಸುವವನು ತನ್ನ ಅಂಗಡಿಗೆ ಬೇರೆ ಹೆಸರು ಇಡಬೇಕಾಯಿತು. ಆ ಫಲಕ ಊಟವನ್ನಷ್ಟೇ ವಿಂಗಡಿಸಲಿಲ್ಲ, ಉಣ್ಣುವವರನ್ನೂ ವಿಂಗಡಿಸಿತು.

ಈಗ ತಟ್ಟೆಯನ್ನೇ ನೋಡೋಣ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆಯೇ ಅದು ಕಡಲು ದಾಟಿ ಬಂದು ನಮ್ಮ ಕೆಮ್ಮಣ್ಣಿಗೆ ಒಗ್ಗಿಕೊಂಡಿತು. ಸಾರಿಗೆ ಖಾರ ಕೊಡುವ ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲಪಿತು. ಅದಕ್ಕೆ ಮುಂಚೆ ನಮ್ಮವರ ಖಾರವೆಂದರೆ ಕಾಳುಮೆಣಸು. ರಾಗಿಯನ್ನು ಬಡವರ ಧಾನ್ಯವೆಂದು ಹಳಿಯುವುದೂ ಹೊಸದಲ್ಲ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಆರು ತಿಂಗಳ ಸೆರೆವಾಸದಲ್ಲಿ ಕೆಡದೆ ಉಳಿದ ರಾಗಿಗೇ ಗೆಲುವು ಕೊಡಿಸಿದರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಳೆಯಾಶ್ರಿತ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದು ದಾಖಲಿಸಿದ.

1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯ ನೀರು ಹರಿದ ಮೇಲೆ ಇಲ್ಲಿಯ ಹೊಲಗಳು ಗದ್ದೆಗಳಾದವು, ಕಬ್ಬಿನ ತೋಟಗಳಾದವು. ಆದರೂ ಮುದ್ದೆ ಹೋಗಲಿಲ್ಲ. ಗದ್ದೆಯ ಕೆಸರಿನಲ್ಲಿ, ಆಲೆಮನೆಯ ಬೆಂಕಿಯ ಮುಂದೆ ದುಡಿಯುವವರಿಗೆ ಸಂಜೆಯವರೆಗೂ ಹೊಟ್ಟೆಯಲ್ಲಿ ನಿಲ್ಲುವ ಊಟ ಬೇಕಿತ್ತು. ಕೋಳಿಯಾದರೋ ಹಿತ್ತಲಲ್ಲಿ ಹೆಂಗಸರು ಸಾಕಿದ ಸಂಪತ್ತು. ಮೊಟ್ಟೆ ಮಾರಿದ ಕಾಸು ಅವರ ಕೈಯ ಕಾಸು. ನೆಂಟರು ಬಂದಾಗಲೋ ಹಬ್ಬಕ್ಕೋ ಹುಂಜ ಕೊಯ್ದರೆ ಅದು ಮನೆಯವರು ತೋರುವ ದೊಡ್ಡ ಆದರವಾಗಿತ್ತು.

ಇದೇ ಬಗೆಯ ಕಥೆ ಅಮೆರಿಕದಲ್ಲಿಯೂ ಇದೆ. ಅಲ್ಲಿ ಗುಲಾಮರಾಗಿದ್ದ ಕಪ್ಪು ಜನ ಒಡೆಯರು ಬೇಡವೆಂದು ಬಿಟ್ಟ ಕರುಳು, ಕಾಲು, ಸೊಪ್ಪುಗಳಿಂದಲೇ ರುಚಿಯಾದ ಅಡುಗೆ ಕಟ್ಟಿದರು. ಅವರು ಹಿತ್ತಲಲ್ಲಿ ಸಾಕಿದ ಕೋಳಿ ಕರಿದ ಕೋಳಿಯಾಗಿ ಹೆಸರಾಯಿತು. ಈ ಊಟಕ್ಕೆ 1960ರ ದಶಕದಲ್ಲಿ ಅವರು ‘ಸೋಲ್ ಫುಡ್’, ಅಂದರೆ ಆತ್ಮದ ಊಟ, ಎಂದು ಹೆಮ್ಮೆಯಿಂದ ಹೆಸರಿಟ್ಟರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಸಿಲ್ವಿಯಾ ವುಡ್ಸ್ ಎಂಬಾಕೆ 1962ರಲ್ಲಿ ತೆರೆದ ಹೋಟೆಲನ್ನು ಜನ ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಮಿಲಿಟರಿ ಹೋಟೆಲಿನ ಬೋಟಿ, ತಲೆಮಾಂಸ, ಕಾಲು ಸೂಪುಗಳನ್ನು ನೆನೆದುಕೊಳ್ಳಿ. ಈ ನಂಟು ತಾನಾಗಿ ತಿಳಿಯುತ್ತದೆ.

ಒಳ್ಳೆಯ ಊಟವನ್ನು ಗುರುತಿಸುವುದು ಹೇಗೆ ಎಂದು ನೀವು ಕೇಳಬಹುದು. ನಾಟಿಕೋಳಿಯ ಮಾಂಸ ಗಟ್ಟಿ. ಫಾರಂ ಕೋಳಿಗಿಂತ ಹೆಚ್ಚು ಹೊತ್ತು ಬೇಯಬೇಕು. ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದ ಕೋಳಿಗೆ ಒಂದು ಹದವಾದ ಕಮಟು ವಾಸನೆಯಿರುತ್ತದೆ. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿಗಳ ಮಸಾಲೆ ಅದನ್ನು ಮುಚ್ಚಿಹಾಕಬಾರದು. ಸಾರು ತೆಳ್ಳಗಿದ್ದು ಮುದ್ದೆಗೆ ಹತ್ತಬೇಕು. ಮುದ್ದೆಯಲ್ಲಿ ಗಂಟಿರಬಾರದು, ಕೈಗೆ ಅಂಟಬಾರದು. ಅದನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿರಿ.

ಇಷ್ಟಾದರೂ ಈ ಊಟಕ್ಕೆ ಪೂರ್ಣ ಮರ್ಯಾದೆ ದೊರೆತಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿಗೆ ದೊಡ್ಡ ಸಭೆಗಳಲ್ಲಿ ಮಣೆ ಸಿಕ್ಕಿತು. ಅದರ ಜೊತೆಗಾರನಾದ ಕೋಳಿ ಸಾರು ಬಾಗಿಲ ಹೊರಗೇ ಉಳಿಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿ, ಮಳಿಗೆಗಳ ನಿಬಂಧನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದು ವಿವಾದವಾಯಿತು. ಬಾಡೂಟವೂ ಬೇಕು ಎಂಬ ಕೂಗು ಎದ್ದಿತು. ಕೆಲವರಿಗೆ ಅದು ನಾಲಗೆಯ ಚಪಲವಾಗಿ ಕಂಡಿರಬಹುದು. ಆದರೆ ತನ್ನ ಮನೆಯ ಊಟವನ್ನು ಸಾರಾಯಿಯ ಜೊತೆಗಿಟ್ಟು ಎಣಿಸಿದರೆ ಯಾರಿಗೆ ತಾನೇ ನೋವಾಗದು? ಮಾಂಸ ತಿನ್ನದಿರುವುದು ಒಬ್ಬರ ನಿಯಮ, ಅದನ್ನು ಗೌರವಿಸೋಣ. ತಿನ್ನುವವರನ್ನು ಕೀಳೆನ್ನುವುದು ಮಾತ್ರ ಯಾರ ನಿಯಮವೂ ಆಗಬಾರದು.

ನೀವು ಮಾಂಸ ತಿನ್ನುವವರಾಗಿರಿ, ತಿನ್ನದವರಾಗಿರಿ, ನಿಮ್ಮ ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ: ಹಿಂದೆ ಯಾರು ಎಲ್ಲಿ ಕುಳಿತು ಉಣ್ಣುತ್ತಿದ್ದರು, ಯಾರನ್ನು ಹೊರಗೆ ಕೂರಿಸುತ್ತಿದ್ದರು? ಅವರು ಹೇಳುವ ಉತ್ತರವೂ ಕನ್ನಡನಾಡಿನ ಇತಿಹಾಸವೇ.