ಕೆಳದಿಯಿಂದ ಕವಲೇದುರ್ಗದವರೆಗೆ

ರಜೆಯ ದಿನಗಳಲ್ಲಿ ಮಲೆನಾಡಿಗೆ ಪ್ರವಾಸ ಹೊರಡುವ ಉತ್ಸಾಹ ಸಹಜವಾದುದು. ಜಲಪಾತವೊಂದನ್ನು ಕಂಡು, ಬೆಟ್ಟವೊಂದನ್ನು ಏರಿ ಮರಳಿದರೆ ಕಣ್ಣು ತಣಿಯುವುದೇನೋ ನಿಜ. ಆದರೆ ಆ ಬೆಟ್ಟಗಳ ಮಡಿಲಲ್ಲಿ ಎರಡೂವರೆ ಶತಮಾನಗಳಿಗೂ ಮಿಗಿಲಾಗಿ ಬಾಳಿದ ಕೆಳದಿ ರಾಜ್ಯದ ಪರಿಚಯವಿಲ್ಲದೆ ಮರಳಿದವರ ಪ್ರವಾಸ ಅರ್ಧವಾದಂತೆಯೇ ಸರಿ. ಆದುದರಿಂದ ವಾಚಕ ಮಹಾಶಯರು ಮೂರು ದಿನಗಳನ್ನು ಮೀಸಲಿಟ್ಟು, ಆ ಅರಸರ ರಾಜಧಾನಿಗಳನ್ನು ಅವು ಸ್ಥಾಪನೆಗೊಂಡ ಕ್ರಮದಲ್ಲಿಯೇ ಸಂದರ್ಶಿಸಬೇಕೆಂದು ನಮ್ಮ ವಿನಂತಿ. ಮಳೆಗಾಲ ಕಳೆದ ಮೇಲಿನ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಇದಕ್ಕೆ ಪ್ರಶಸ್ತವಾದುದು.

ಮೊದಲನೆಯ ದಿನ ಸಾಗರದಲ್ಲಿ ತಂಗಿ ಕೆಳದಿ, ಇಕ್ಕೇರಿಗಳನ್ನು ನೋಡಿರಿ. 1499ರ ಸುಮಾರಿಗೆ ಚೌಡಪ್ಪ ನಾಯಕನಿಂದ ಮೊದಲಾದ ಈ ವೀರಶೈವ ಅರಸುಮನೆತನ ವಿಜಯನಗರದ ಸಾಮಂತಿಕೆಯಲ್ಲಿ ಬೆಳೆಯಿತು. ಕೆಳದಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿರುವ ಗಂಡಭೇರುಂಡವನ್ನು ತಲೆಯೆತ್ತಿ ನೋಡಲು ಮರೆಯಬೇಡಿರಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರಿನ ನಂದಿಮಂಟಪವೂ ದರ್ಶನೀಯ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು 1623ರಲ್ಲಿ ಕರಾವಳಿಯಿಂದ ಘಟ್ಟವನ್ನೇರಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದಿದ್ದನು. ಕರಿಮೆಣಸಿನ ವ್ಯಾಪಾರ ದೂರದ ಜನರನ್ನೂ ಈ ಮಲೆಗಳತ್ತ ಸೆಳೆಯುತ್ತಿದ್ದ ಕಾಲವದು.

ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಘಾಸಿಗೊಳಿಸಿದ ಬಳಿಕ ರಾಜಧಾನಿಯು ಇನ್ನೂ ದಟ್ಟವಾದ ಮಲೆಯ ನಡುವಿನ ಬಿದನೂರಿಗೆ ಸಾಗಿತು. ಇಂದಿನ ನಗರವೇ ಆ ಬಿದನೂರು. ಎರಡನೆಯ ದಿನವನ್ನು ಅಲ್ಲಿಯ ಕೋಟೆಗೂ, ಸಮೀಪದ ದೇವಗಂಗೆಯ ಕೊಳಗಳಿಗೂ ಮೀಸಲಿಡಿರಿ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕೀರ್ತಿ ಕೇವಲ ಯುದ್ಧಗಳಿಂದ ಬಂದುದಲ್ಲ. ಬಗೆಬಗೆಯ ಭೂಮಿಯನ್ನು ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬೀಜ, ವೆಚ್ಚ, ಫಸಲುಗಳ ಲೆಕ್ಕವಿರಿಸಿ, ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ಗೊತ್ತುಪಡಿಸಿದನೆಂದು ಹೇಳಲಾಗುತ್ತದೆ. ಇದೇ ಪ್ರಸಿದ್ಧವಾದ ‘ಶಿಸ್ತು’. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಮೊಗಲರ ಭಯವನ್ನು ಲೆಕ್ಕಿಸದೆ ಆಶ್ರಯವಿತ್ತ ರಾಣಿ ಚೆನ್ನಮ್ಮಾಜಿಯ ರಾಜಧಾನಿಯೂ ಇದೇ.

ಮೂರನೆಯ ದಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನೇರಿರಿ. ಇದರ ಹಳೆಯ ಹೆಸರು ಭುವನಗಿರಿ. ಗದ್ದೆಗಳ ಬದಿಯಿಂದ ಹೊರಟ ದಾರಿಯು ಕಲ್ಲುಹಾಸಿನ ಮೇಲೆ ಸಾಗಿ, ಒಂದರೊಳಗೊಂದರಂತಿರುವ ಮೂರು ಸುತ್ತಿನ ಕೋಟೆಯನ್ನು ದಾಟುತ್ತದೆ. ಒಳಗೆ ಕಾಶೀವಿಶ್ವನಾಥ ದೇವಾಲಯ, ಅರಮನೆಯ ತಳಹದಿ, ಕಲ್ಲಿನ ಒಲೆ, ನೀರಿನ ಕೊಳಗಳು ಇವೆ. ತುದಿಯ ಶಿಖರೇಶ್ವರ ಗುಡಿಯ ಬಳಿ ನಿಂತರೆ ಮಲೆಯ ಮೇಲೆ ಮಲೆ ಕಾಣುತ್ತದೆ. ಕುಡಿಯುವ ನೀರನ್ನು ಜೊತೆಗೊಯ್ದು, ಕತ್ತಲಾಗುವ ಮೊದಲೇ ಇಳಿಯುವುದು ಕ್ಷೇಮ.

ಆ ತುದಿಯಲ್ಲಿ ನಿಂತಾಗ ಒಂದು ಪ್ರಶ್ನೆ ಏಳದಿರದು. ಇಷ್ಟೊಂದು ಗಿರಿದುರ್ಗಗಳ ಆಸರೆಯಿದ್ದೂ ಈ ರಾಜ್ಯವೇಕೆ ಅಳಿಯಿತು? ಉತ್ತರಾಧಿಕಾರದ ಕಲಹದಿಂದ ಅರಮನೆ ಒಡೆದಿತ್ತು. 1763ರಲ್ಲಿ ಹೈದರಾಲಿ ದಂಡೆತ್ತಿ ಬಂದಾಗ ಬಿದನೂರಿನ ಗುಪ್ತಮಾರ್ಗವನ್ನು ಅವನಿಗೆ ತೋರಿದವನು ಅದೇ ರಾಜ್ಯದ ಮಾಜಿ ಮಂತ್ರಿಯೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಹೋದರೂ ಸೆರೆಯಾಗಿ ಮಧುಗಿರಿಯಲ್ಲಿ ಬಂಧಿತಳಾದಳು. 1767ರಲ್ಲಿ ಮರಾಠರು ಬಿಡಿಸುವವರೆಗೆ ಆಕೆಗೆ ಮುಕ್ತಿಯಿರಲಿಲ್ಲ. ಕಲ್ಲಿನ ಕೋಟೆಗೆ ಮೂರು ಸುತ್ತುಗಳಿದ್ದರೇನು, ಮನಸ್ಸುಗಳು ಒಂದಾಗಿರದಿದ್ದರೆ ಒಂದು ಸುತ್ತೂ ಉಳಿಯದು.

ಆದುದರಿಂದ ಮಕ್ಕಳನ್ನೂ ಕರೆದೊಯ್ಯಿರಿ. ಏರುವಾಗ ಶಿವಪ್ಪ ನಾಯಕನ ಶಿಸ್ತನ್ನೂ, ಇಳಿಯುವಾಗ ವೀರಮ್ಮಾಜಿಯ ಸೆರೆಯನ್ನೂ ಅವರಿಗೆ ತಿಳಿಸಿರಿ. ಗೋಡೆಗಳ ಮೇಲೆ ಹೆಸರು ಕೆತ್ತುವುದು, ನಿಧಿಯಾಸೆಯಿಂದ ನೆಲ ಅಗೆಯುವುದು, ಕೊಳಗಳಿಗೆ ಕಸ ಎಸೆಯುವುದು ಪೂರ್ವಜರಿಗೆ ಮಾಡುವ ದ್ರೋಹವೆಂಬುದನ್ನು ಅವರು ಅಲ್ಲಿಯೇ ಕಲಿಯಲಿ. ಅಳಿದುಳಿದುದನ್ನು ಮುಂದಿನವರಿಗೆ ಒಪ್ಪಿಸುವ ಹೊಣೆ ನಮ್ಮ ಮೇಲಿದೆ.